ಕೆಳಗಿನಿಂದ ಮೇಲಕ್ಕೆ ಓದಿದ ಕಾಗದ

ನಮ್ಮ ಬೀದಿಯ ತುದಿಯಲ್ಲಿ, ಸೈಕಲ್ ಅಂಗಡಿಗೂ ಔಷಧದ ಅಂಗಡಿಗೂ ನಡುವೆ ಸಿಕ್ಕಿಕೊಂಡಂತೆ ಒಂದು ಮುದ್ರಣಾಲಯವಿತ್ತು. ಮುಂದಿನ ಕೋಣೆಯಲ್ಲಿ ಯಜಮಾನರ ಮೇಜು, ನಡುವಿನ ಕೋಣೆಯಲ್ಲಿ ಯಂತ್ರ, ಹಿಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡು ಒಂದು ಸಣ್ಣ ಮೇಜು. ಆ ಸಣ್ಣ ಮೇಜಿನ ಹಿಂದೆ ಕೂರುತ್ತಿದ್ದವನನ್ನು ಬೀದಿಯವರೆಲ್ಲ ಪ್ರೂಫಣ್ಣ ಎಂದೇ ಕರೆಯುತ್ತಿದ್ದರು. ಅಚ್ಚಾಗುವ ಮೊದಲು ಪ್ರತಿಯೊಂದು ಹಾಳೆಯ ಕರಡನ್ನು ಓದಿ, ತಪ್ಪು ಕಂಡಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕುವುದು ಅವನ ಕೆಲಸ. ಬೀದಿಯಲ್ಲಿ ನಡೆದು ಹೋಗುವಾಗಲೂ ಅಂಗಡಿಗಳ ಬೋರ್ಡುಗಳನ್ನು ಮನಸ್ಸಿನಲ್ಲೇ ತಿದ್ದಿಕೊಂಡು ಹೋಗುತ್ತಾನೆಂದು ಜನ ನಗೆಯಾಡುತ್ತಿದ್ದರು. ಅದು ಬರಿಯ ನಗೆಯೇನೂ ಆಗಿರಲಿಲ್ಲ.

ಅವನೂ ಅವನ ತಮ್ಮನೂ ನಾನು ಪಾಠ ಹೇಳುತ್ತಿದ್ದ ತರಗತಿಯಲ್ಲಿ ಕುಳಿತು ಓದಿದವರು. ಅಣ್ಣ ಮೊದಲಿನಿಂದಲೂ ನಿಧಾನಿ, ಬರೆದದ್ದನ್ನು ಮೂರು ಸಲ ನೋಡದೆ ಪುಸ್ತಕ ಒಪ್ಪಿಸುತ್ತಿರಲಿಲ್ಲ. ತಮ್ಮನಿಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಇವರ ತಂದೆ ಬೇಗ ತೀರಿಕೊಂಡಾಗ ಅಣ್ಣ ಓದು ಬಿಟ್ಟು ಪ್ರೆಸ್ಸು ಸೇರಿದ. ತಮ್ಮನನ್ನು ಮಾತ್ರ ಓದು ಬಿಡಲು ಬಿಡಲಿಲ್ಲ. ಆ ತಮ್ಮ ಪರೀಕ್ಷೆಗಳನ್ನೆಲ್ಲ ದಾಟಿ ಸೈನ್ಯದಲ್ಲಿ ಅಧಿಕಾರಿಯಾದಾಗ, ಅಣ್ಣ ಪ್ರೆಸ್ಸಿನ ಜನರಿಗೆಲ್ಲ ಟೀ ಕೊಡಿಸಿ, ಏನೂ ಆಗದವನಂತೆ ಮತ್ತೆ ಕರಡಿನ ಮುಂದೆ ಕುಳಿತನಂತೆ. ಕಿವಿ ಮಾತ್ರ ಕೆಂಪಾಗಿತ್ತು ಎಂದು ಯಜಮಾನರು ಹೇಳಿದರು.

ಪ್ರೂಫಣ್ಣ ಯಾವ ಬರಹವನ್ನಾದರೂ ಎರಡು ಸಲ ಓದುತ್ತಿದ್ದ. ಮೊದಲ ಸಲ ಕೊನೆಯ ಸಾಲಿನಿಂದ ಆರಂಭಿಸಿ, ಸಾಲಿನ ಮೇಲೆ ಒಂದು ರಟ್ಟಿನ ಪಟ್ಟಿಯನ್ನಿಟ್ಟು, ಸಾಲು ಸಾಲಾಗಿ ಪಟ್ಟಿಯನ್ನು ಸರಿಸುತ್ತ ಮೇಲಕ್ಕೆ ಏರುತ್ತಿದ್ದ. ಏಕೆಂದು ನಾನೊಮ್ಮೆ ಕೇಳಿದ್ದೆ.

“ಮೇಲಿಂದ ಓದಿದ್ರೆ ಅರ್ಥ ಕೈ ಹಿಡಿದು ಎಳ್ಕೊಂಡು ಹೋಗ್ಬಿಡುತ್ತೆ ಮೇಷ್ಟ್ರೇ. ತಪ್ಪು ಕಣ್ಣಿಗೇ ಬೀಳಲ್ಲ. ಕೆಳಗಿಂದ ಬಂದ್ರೆ ಅಕ್ಷರ ಬರೀ ಅಕ್ಷರ ಆಗಿರುತ್ತೆ.”

ತಪ್ಪುಗಳೆಲ್ಲ ಸಿಕ್ಕಿದ ಮೇಲೆ ಎರಡನೆಯ ಸಲ ಎಲ್ಲರಂತೆ ಮೇಲಿನಿಂದ ಕೆಳಕ್ಕೆ, ಅರ್ಥಕ್ಕಾಗಿ ಓದು. ಈ ಕ್ರಮವನ್ನು ಅವನು ಯಾವುದಕ್ಕೂ ತಪ್ಪಿಸುತ್ತಿರಲಿಲ್ಲ.

ತಮ್ಮನ ಕಾಗದಗಳು ಮನೆಗೆ ಬರುತ್ತಿರಲಿಲ್ಲ, ಪ್ರೆಸ್ಸಿಗೆ ಬರುತ್ತಿದ್ದವು. ಬಾಡಿಗೆ ಮನೆಯವರಾದ ತಾಯಿಮಕ್ಕಳು ಮೇಲಿಂದ ಮೇಲೆ ಮನೆ ಬದಲಿಸುತ್ತಿದ್ದುದು ಒಂದು ಕಾರಣ. ಅಮ್ಮನ ಕಿವಿಗೆ ಬೀಳಬಾರದ ಮಾತುಗಳೂ ಕಾಗದದಲ್ಲಿ ಇರುತ್ತಿದ್ದುದು ಇನ್ನೊಂದು. ಅಮ್ಮನಿಗೆಂದು ಒಂದು ಹಾಳೆ ಬೇರೆಯಾಗಿಯೇ ಇರುತ್ತಿತ್ತು. ಅದನ್ನು ಅಣ್ಣ ಸಂಜೆ ಓದಿ ಹೇಳುತ್ತಿದ್ದ. ತನಗೆಂದು ಬಂದದ್ದರಲ್ಲಿ ಒಳ್ಳೆಯ ಸಾಲುಗಳನ್ನು ನನಗೂ ಓದಿ ತೋರಿಸುತ್ತಿದ್ದ.

ಮೊದಮೊದಲ ಕಾಗದಗಳಲ್ಲಿ ನಗೆಯೇ ಹೆಚ್ಚು. “ಅಣ್ಣಾ, ನನ್ನ ಕೈಕೆಳಗೆ ಇರುವವರಲ್ಲಿ ಅರ್ಧಕ್ಕರ್ಧ ಜನ ನನಗಿಂತ ಹಿರಿಯರು. ಒಬ್ಬ ಹಳೆಯ ಸಿಪಾಯಿ ಇದ್ದಾರೆ, ಅವರ ಮೀಸೆಗೇ ನನ್ನಷ್ಟು ವಯಸ್ಸಾಗಿದೆ. ಅವರು ನನಗೆ ಸೆಲ್ಯೂಟ್ ಹೊಡೆದಾಗ ನನ್ನ ಹಿಂದೆ ಯಾರೋ ದೊಡ್ಡವರು ನಿಂತಿರಬೇಕೆಂದು ತಿರುಗಿ ನೋಡುತ್ತೇನೆ.” ಸಮವಸ್ತ್ರ ತೊಟ್ಟ ಫೋಟೋ ಬಂದಾಗ ಅವರ ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಇವನ ತಲೆಯ ಅಳತೆಯ ಟೋಪಿ ಸೈನ್ಯದಲ್ಲೇ ಇರಲಿಲ್ಲವೇ ಎಂದು ಕೇಳಿದರು. ಆಮೇಲೆ ಬಂದವರಿಗೆಲ್ಲ ಅದನ್ನು ತೋರಿಸಿದ್ದೂ ಅವರೇ.

ಎರಡನೆಯ ವರ್ಷ ಅವನನ್ನು ಗಡಿಯ ಗುಡ್ಡಗಳಿಗೆ ಕಳುಹಿಸಿದರು. ಅಲ್ಲಿಂದ ಬಂದ ಒಂದು ಕಾಗದವನ್ನು ಪ್ರೂಫಣ್ಣ ನನಗೆ ಓದಿ ತೋರಿಸಲಿಲ್ಲ, ಕೈಗೇ ಕೊಟ್ಟ. ಲಾರಿಯೊಂದು ದಾರಿ ಕುಸಿದು ಕಮರಿಗೆ ಬಿದ್ದಿತ್ತು. ಓಡಿಸುತ್ತಿದ್ದ ಸಿಪಾಯಿ ಇಡೀ ಮಧ್ಯಾಹ್ನ ಬದುಕಿದ್ದ.

“ನೀರು ಕೇಳಿದ ಅಣ್ಣಾ. ಹೊಟ್ಟೆಗೆ ಪೆಟ್ಟಾಗಿದೆ, ಕೊಡಬಾರದು ಎಂದರು ಡಾಕ್ಟರು. ಬಾಟಲಿ ನನ್ನ ಕೈಯಲ್ಲೇ ಇತ್ತು. ಅವನು ನನ್ನ ಮುಖ ನೋಡಲಿಲ್ಲ, ಬಾಟಲಿಯನ್ನೇ ನೋಡುತ್ತಿದ್ದ. ಸಂಜೆಯ ಹೊತ್ತಿಗೆ ಹೋಗಿಬಿಟ್ಟ. ಈಗ ಅವನ ಹೆಂಡತಿಗೆ ನಾನೇ ಕಾಗದ ಬರೆಯಬೇಕಂತೆ. ನಾಲ್ಕು ಹಾಳೆ ಹರಿದು ಹಾಕಿದೆ. ಹೇಗೆ ಬರೆಯುವುದೋ ತಿಳಿಯದು. ನೀನು ಬರೆದು ಕಳಿಸು, ನಾನು ನಕಲು ಮಾಡುತ್ತೇನೆ.”

ಅಣ್ಣ ಬರೆದ. ಅಷ್ಟು ದಿನ ಇನ್ನೊಬ್ಬರ ಬರಹ ತಿದ್ದುತ್ತಿದ್ದವನು ತನ್ನದೇ ಒಂದು ಪುಟ ಬರೆದ. ಸತ್ತವನ ಗುಣಗಳಿಗೆ ಜಾಗ ಬಿಟ್ಟು, ಹಿಂದೆ ಮುಂದೆ ಹೊಂದುವ ಮಾತುಗಳನ್ನು ಇಟ್ಟು, ಕೊನೆಯ ಭಾಗದಲ್ಲಿ ಒಂದು ಸಾಲು ಸೇರಿಸಿದ: ‘ಅವರಿಗೆ ನೋವಿನ ಅರಿವೇ ಆಗಲಿಲ್ಲ ಎಂಬುದೊಂದೇ ನಮಗೆಲ್ಲ ಸಮಾಧಾನ.’

ತಮ್ಮನಿಂದ ಮರುಟಪಾಲಿನಲ್ಲೇ ಪ್ರಶ್ನೆ ಬಂತು. ಇದು ನಿಜವಲ್ಲವಲ್ಲ ಅಣ್ಣಾ? ಅದಕ್ಕೆ ಅಣ್ಣ, ನಿಜ ನಿನ್ನ ಹತ್ತಿರ ಇರಲಿ, ಆ ಹೆಂಗಸು ನಾಳೆ ಎದ್ದು ಮಕ್ಕಳಿಗೆ ಅನ್ನ ಹಾಕಬೇಕು ಎಂದು ಉತ್ತರ ಬರೆದ. ತಿಂಗಳು ಕಳೆದ ಮೇಲೆ ಆಕೆಯಿಂದ ತನಗೆ ಬಂದ ಉತ್ತರವನ್ನು ತಮ್ಮನು ಪ್ರೆಸ್ಸಿಗೆ ಕಳುಹಿಸಿದ. ಆ ಒಂದು ಸಾಲು ಓದಿದ ಮೇಲೆ ನಿದ್ದೆ ಬಂತು ಎಂದು ಆಕೆ ಬರೆದಿದ್ದಳು. ಪ್ರೂಫಣ್ಣ ಆ ಕಾಗದವನ್ನು ಎಷ್ಟೋ ದಿನ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ. ನನಗೂ ಅವನು ಮಾಡಿದ್ದು ಸರಿಯೆಂದೇ ಕಂಡಿತ್ತು.

ಆ ಚಳಿಗಾಲ ಅಲ್ಲಿ ಇನ್ನೂ ಕೆಲವರು ಸತ್ತರು. ತಮ್ಮ ಅದೇ ಮಾದರಿಯಲ್ಲಿ ಬರೆದು, ಕಳುಹಿಸುವ ಮೊದಲು ಅಣ್ಣನಿಂದ ತಿದ್ದಿಸಿಕೊಳ್ಳುತ್ತಿದ್ದ. ಹೋಗುತ್ತ ಹೋಗುತ್ತ ಅವನ ಮೇಲಿನ, ಕನ್ನಡದವನೇ ಆದ ಕ್ಯಾಪ್ಟನ್ನೂ ಆ ಮಾದರಿಯನ್ನು ಕೇಳಿ ಪಡೆದನಂತೆ. “ನಮ್ಮ ತುಕಡಿಗೆ ನೀನೇ ಗುಮಾಸ್ತ ಆಗಿದ್ದೀಯ ಅಣ್ಣಾ. ಸಂಬಳ ಕೇಳಬೇಡ” ಎಂದು ತಮ್ಮ ಬರೆದ. ಕ್ಯಾಪ್ಟನ್ನನ ಕೈಬರಹದ ಕರಡುಗಳೂ ತಮ್ಮನ ಲಕೋಟೆಯೊಳಗೆ ಮಡಿಸಿ ಬರತೊಡಗಿದವು. ಬಲಕ್ಕೆ ವಾಲುವ, ಗಟ್ಟಿಯಾಗಿ ಒತ್ತಿ ಬರೆದ ಅಕ್ಷರ. ಪ್ರೂಫಣ್ಣ ಅದನ್ನು ದೂರದಿಂದಲೇ ಗುರುತಿಸುವಷ್ಟು ಕಂಡಿದ್ದ.

ಶಾಲೆಯ ವಾರ್ಷಿಕ ಸಂಚಿಕೆಯ ಕೆಲಸಕ್ಕೆಂದು ಒಂದು ದಿನ ನಾನು ಪ್ರೆಸ್ಸಿಗೆ ಹೋಗಿ ಯಜಮಾನರ ಎದುರು ಕುಳಿತಿದ್ದೆ. ಯಜಮಾನರದೊಂದು ಪದ್ಧತಿ, ಪ್ರೆಸ್ಸಿಗೆ ಬಂದ ಟಪಾಲು ಯಾರದಾದರೂ ಆಗಲಿ, ಲಕೋಟೆ ಒಡೆದು, ಒಳಗಿನ ಹಾಳೆಯನ್ನು ಬಿಡಿಸಿ, ಅವರವರ ಮೇಜಿಗೆ ತಾವೇ ಕೊಟ್ಟು ಬರುವರು. ಓದುತ್ತಿರಲಿಲ್ಲ, ಆ ವಿಷಯದಲ್ಲಿ ಸಭ್ಯರು. ಲಕೋಟೆ ನೇರ ಕಸದ ಬುಟ್ಟಿಗೆ. ಅವತ್ತೂ ಒಂದು ಹಾಳೆಯನ್ನು ಪ್ರೂಫಣ್ಣನ ಮೇಜಿನ ಮೇಲಿದ್ದ ಕರಡುಗಳ ಜೊತೆ ಇಟ್ಟು ಬಂದರು.

ಒಳಗೆ ಏನಾಯಿತೆಂಬುದನ್ನು ಅವನೇ ಆಮೇಲೆ ನನಗೆ ಹೇಳಿದ. ಕ್ಯಾಪ್ಟನ್ನನ ಅಕ್ಷರ ಕಂಡ ಕೂಡಲೇ, ಪಾಪ, ಇನ್ನೊಬ್ಬ ಹೋದ ಎಂದುಕೊಂಡನಂತೆ. ಕೈಯಲ್ಲಿದ್ದ ಕೆಲಸ ಪಕ್ಕಕ್ಕಿಟ್ಟು, ಅಭ್ಯಾಸದಂತೆ ಕೊನೆಯ ಸಾಲಿನ ಮೇಲೆ ರಟ್ಟಿನ ಪಟ್ಟಿ ಇಟ್ಟ. ಅಲ್ಲಿ ತಪ್ಪೇನೂ ಇರಲಿಲ್ಲ. ಮೇಲಿನ ಸಾಲಿಗೆ ಬಂದ. ನೋವಿನ ಅರಿವೇ ಆಗಲಿಲ್ಲ ಎಂಬ ತನ್ನ ಸಾಲು ಒಂದಕ್ಷರ ಬದಲಾಗದೆ ಇತ್ತು. ಇನ್ನೂ ಮೇಲೆ, ಸತ್ತವನು ತನ್ನ ಊಟಕ್ಕೆ ಕೂರುವ ಮೊದಲು ಸಿಪಾಯಿಗಳ ತಟ್ಟೆಗಳನ್ನು ನೋಡಿ ಬರುತ್ತಿದ್ದನೆಂದೂ, ಯಾರಿಗಾದರೂ ಮನೆಯಿಂದ ಕಾಗದ ಬಾರದಿದ್ದರೆ ತನ್ನ ಅಣ್ಣನ ಕಾಗದವನ್ನೇ ಅವನಿಗೆ ಓದಿ ಹೇಳುತ್ತಿದ್ದನೆಂದೂ ಇತ್ತು. ಇದು ಮಾದರಿಯಲ್ಲಿ ಇಲ್ಲದ ಮಾತು. ಕ್ಯಾಪ್ಟನ್ ಬರೆಯುವುದನ್ನು ಕಲಿತನಲ್ಲ ಎಂದು ಸಂತೋಷವಾಗಿ, ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಚೆನ್ನಾಗಿದೆ’ ಎಂದು ಬರೆದ.

ಮೇಲಿನ ಸಾಲಿನಲ್ಲಿ ತಮ್ಮನ ಹೆಸರಿತ್ತು.

ಅವನಿಗೆ ಏನೂ ಅನ್ನಿಸಲಿಲ್ಲವಂತೆ. ಕಾಗದ ಕಳಿಸುವವನ ಹೆಸರನ್ನು ಸತ್ತವನ ಹೆಸರಿನ ಜಾಗದಲ್ಲಿ ಹಾಕಿಬಿಟ್ಟಿದ್ದಾನೆ, ಎಂಥ ಅಚಾತುರ್ಯ, ಹೀಗೆಯೇ ಹೋಗಿದ್ದರೆ ಗತಿಯೇನು ಎಂದುಕೊಂಡು ಹೆಸರಿನ ಕೆಳಗೆ ಗೆರೆ ಎಳೆದು ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿದ. ಪಟ್ಟಿ ತೆಗೆದಿಟ್ಟ. ಎರಡನೆಯ ಓದಿಗೆಂದು ಮೇಲಿನಿಂದ ಆರಂಭಿಸಿದ.

ಮುಂದಿನ ಕೋಣೆಯಲ್ಲಿದ್ದ ನಮಗೆ ಕುರ್ಚಿ ಸರಿದ ಸದ್ದು ಕೇಳಿಸಿತು. ಅವನು ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಆ ಹಾಳೆ. ಕಾಗದದ ಕವರು ಎಲ್ಲಿ ಎಂದು ಯಜಮಾನರನ್ನು ಕೇಳಿದ, ದಿನಾ ಕೇಳುವ ಧ್ವನಿಯಲ್ಲೇ. ಯಜಮಾನರು ಬಗ್ಗಿ ಬುಟ್ಟಿಯಿಂದ ಲಕೋಟೆಯನ್ನು ಹೆಕ್ಕಿ ಕೊಟ್ಟರು. ಅದರ ಮೇಲೂ ಬಲಕ್ಕೆ ವಾಲುವ ಅದೇ ಅಕ್ಷರ, ವಿಳಾಸ ಇವನದೇ. ಒಳಗಿನ ಹಾಳೆಯ ಮೊದಲ ಸಾಲು ‘ನಿಮ್ಮ ತಮ್ಮ’ ಎಂದು ಆರಂಭವಾಗಿತ್ತು.

ಅವನು ಹಾಳೆಯನ್ನು ನನ್ನ ಮುಂದೆ ಚಾಚಿದ.

“ಹೆಸರು ತಪ್ಪಿರಬೇಕು. ಅಲ್ವಾ ಮೇಷ್ಟ್ರೇ?”

ನಾನು ಓದಿದೆ. ಓದಿ ಮುಗಿಸಿದ ಮೇಲೂ ತಲೆ ಎತ್ತಲಾಗದೆ ಆ ಕೆಂಪು ಗುರುತುಗಳನ್ನೇ ನೋಡುತ್ತ ಕುಳಿತೆ. ನಡುಕೋಣೆಯಲ್ಲಿ ಯಂತ್ರ ಓಡುತ್ತಲೇ ಇತ್ತು. ನಿಲ್ಲಿಸಿರೆಂದು ಹೇಳಲು ಯಾರಿಗೂ ತೋಚಲಿಲ್ಲ. ಅಷ್ಟು ಹೊತ್ತಿನಲ್ಲಿ ಯಾವುದೋ ಅಂಗಡಿಯ ರಸೀದಿಗಳು ನೂರಾರು ಅಚ್ಚಾಗಿ ಬಿದ್ದವು.

ಸರ್ಕಾರದಿಂದ ಬಂದ ತಂತಿ ಹಳೆಯ ಬಾಡಿಗೆ ಮನೆಗೆ ಹೋಗಿತ್ತು. ಅಲ್ಲಿಗೆ ಹೊಸದಾಗಿ ಬಂದವರು ಮಾರನೆಯ ದಿನ ಹುಡುಕಿಕೊಂಡು ಬಂದು, ಏನು ಹೇಳಬೇಕೆಂದು ತಿಳಿಯದೆ, ಅದನ್ನು ಬಾಗಿಲಲ್ಲಿ ಕೊಟ್ಟು ಹೋದರು.

ಕಾಗದ ಬಂದ ಸಂಜೆಯೇ ಅಮ್ಮನಿಗೆ ಮಗ ಹೇಳಿದ್ದ. ಆಕೆ ಅಳಲಿಲ್ಲ. ಒಲೆಯ ಮೇಲಿದ್ದ ಪಾತ್ರೆಯನ್ನು ಇಳಿಸಿ, ಮತ್ತೆ ಏರಿಸಿ, ಮತ್ತೆ ಇಳಿಸಿದರು. ಕಾಗದ ಓದು ಎಂದರು. ಅವನು ಓದಿದ. ನೋವಿನ ಅರಿವೇ ಆಗಲಿಲ್ಲ ಎಂಬಲ್ಲಿಗೆ ಓದು ನಿಲ್ಲಿಸಿ ಹಾಳೆ ಮಡಿಸಿಟ್ಟ. ದುಃಖದಿಂದ ಎಂದು ನಾವೆಲ್ಲ ತಿಳಿದೆವು. ಬಂದ ನೆರೆಹೊರೆಯವರೆಲ್ಲ ಆ ಮಾತನ್ನೇ ಹಿಡಿದುಕೊಂಡರು. ಹೋದದ್ದು ಹೋಯಿತು, ನರಳದೆ ಹೋದನಲ್ಲ, ಅದೇ ಪುಣ್ಯ. ಯಾರಾದರೂ ಹಾಗೆಂದಾಗಲೆಲ್ಲ ಪ್ರೂಫಣ್ಣ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದ. ನಾನೊಮ್ಮೆ ಹಿಂದೆಯೇ ಹೋದೆ. ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಕುಳಿತಿದ್ದ.

“ಆ ಸಾಲು ನಂದು ಮೇಷ್ಟ್ರೇ,” ಎಂದ. “ನಾನು ಕಟ್ಟಿದ್ದು. ನಿಜ ಹೇಳೋಕಾಗ್ದೇ ಇದ್ದಾಗ ಅದನ್ನ ಹಾಕ್ಬೇಕು ಅಂತ ಹೇಳಿಕೊಟ್ಟಿದ್ದೂ ನಾನೇ.”

ನಿನ್ನ ತಮ್ಮನ ವಿಷಯದಲ್ಲಿ ನಿಜವೇ ಇರಬಹುದಲ್ಲಪ್ಪ ಎಂದೆ. ಇರಬಹುದು ಎಂದ. ನನಗೆ ಮಾತ್ರ ಅದು ತಿಳಿಯುವ ದಾರಿಯಿಲ್ಲ, ಊರಿನವರೆಲ್ಲ ನಂಬಬಹುದು, ಬರೆದವನು ಹೇಗೆ ನಂಬಲಿ ಎಂದ. ಅವನಿಗೆ ಊಟ ಸೇರದಾಯಿತು. ಪ್ರೆಸ್ಸಿಗೆ ಹೋಗಿ ಕುಳಿತರೂ ಕರಡುಗಳ ತಪ್ಪುಗಳು ಹಾಗೆಯೇ ಅಚ್ಚಾಗಿ ಹೋದವು. ಯಜಮಾನರು ನೋಡಿಯೂ ನೋಡದಂತೆ ಇದ್ದರು. ಕೊನೆಗೆ ಅವನು ಕ್ಯಾಪ್ಟನ್ನನಿಗೆ ಒಂದೇ ಸಾಲಿನ ಕಾಗದ ಹಾಕಿದ. ‘ನನ್ನ ಮಾತನ್ನು ನನಗೇ ಹೇಳಬೇಡಿ, ನಡೆದದ್ದನ್ನು ಹೇಳಿ.’

ಅದಕ್ಕೆ ಉತ್ತರ ಬರಲಿಲ್ಲ. ಕ್ಯಾಪ್ಟನ್ನೇ ಬಂದ. ಸತ್ತವನ ತಗಡಿನ ಪೆಟ್ಟಿಗೆಯನ್ನು ಒಪ್ಪಿಸುವ ಕೆಲಸವನ್ನು ಕೇಳಿ ಪಡೆದು ಬಂದಿದ್ದನಂತೆ. ಕ್ಯಾಪ್ಟನ್ ಎಂದರೆ ನಮ್ಮ ಮನಸ್ಸಿನಲ್ಲಿ ಯಾರೋ ದೊಡ್ಡ ಮನುಷ್ಯರಿದ್ದರು; ಬಂದು ನಿಂತವನು ಗಡ್ಡ ಸರಿಯಾಗಿ ಬಲಿಯದ ಹುಡುಗ. ಯಜಮಾನರು ಕಾಗದದ ರೀಮುಗಳನ್ನು ಪೇರಿಸುವ ಕೋಣೆಯನ್ನು ಬಿಟ್ಟುಕೊಟ್ಟರು. ಅವರಿಬ್ಬರೂ ಬಹಳ ಹೊತ್ತು ಅಲ್ಲಿದ್ದರು. ಹೊರಗೆ ಬಂದಾಗ ಪ್ರೂಫಣ್ಣನ ಮುಖ ಸುಣ್ಣದಂತಾಗಿತ್ತು.

ಮನೆಗೆ ನನ್ನನ್ನೂ ಜೊತೆಗೆ ಕರೆದ. ದಾರಿಯಲ್ಲಿ ಕ್ಯಾಪ್ಟನ್ನನಿಗೆ ಒಂದೇ ಮಾತು ಹೇಳಿದ. ಅಮ್ಮನಿಗೆ ಏನೂ ಹೇಳುವುದು ಬೇಡ, ಕಾಗದದಲ್ಲಿ ಇದ್ದಷ್ಟೇ ಸಾಕು. ಹುಡುಗ ಆಗಲಿ ಎಂದು ತಲೆಯಾಡಿಸಿದ. ಅವನ ಮುಖ ನೋಡಿದರೆ ಒಂದು ಹೊರೆ ಇಳಿದಂತಿತ್ತು.

ಅಮ್ಮ ಪೆಟ್ಟಿಗೆಯ ಕಡೆ ನೋಡಲಿಲ್ಲ. ಬಂದವನನ್ನು ಕೂರಿಸಿ, ನೀರು ಕೊಟ್ಟು, ಎದುರಿಗೆ ನೆಲದ ಮೇಲೆ ಕುಳಿತರು.

“ನೋವಾಗ್ಲಿಲ್ಲ ಅಂತ ಬರ್ದಿದ್ಯಲ್ಲಪ್ಪ,” ಎಂದರು. “ಆ ಹೊತ್ತಲ್ಲಿ ನೀನು ಅಲ್ಲೇ ಇದ್ಯಾ?”

ಕ್ಯಾಪ್ಟನ್ ಲೋಟ ಹಿಡಿದುಕೊಂಡೇ ಪ್ರೂಫಣ್ಣನನ್ನು ನೋಡಿದ. ಹೌದು ಅಮ್ಮ, ನೋವಾಗಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಅವನು ಹೇಳುವುದಕ್ಕೆ ಬಾಯಿಯನ್ನೂ ತೆರೆದಿದ್ದ.

“ಅಮ್ಮ, ಆ ಸಾಲು ಬರ್ದಿದ್ದು ನಾನು,” ಎಂದ ಪ್ರೂಫಣ್ಣ.

ಆಕೆಗೆ ಅರ್ಥವಾಗಲಿಲ್ಲ. ಅವನು ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಲಾರಿಯ ಸಿಪಾಯಿಯಿಂದ ಆರಂಭಿಸಿ ತಾನು ಮಾದರಿ ಬರೆದುಕೊಟ್ಟದ್ದನ್ನು, ಅದು ಕೈಯಿಂದ ಕೈಗೆ ಹೋದದ್ದನ್ನು, ರೀಮುಗಳ ಕೋಣೆಯಲ್ಲಿ ಈಗ ಕೇಳಿಸಿಕೊಂಡದ್ದನ್ನು. ಫಿರಂಗಿಯ ದಾಳಿಗೆ ಕಾವಲುಮನೆಯ ಕಲ್ಲುಗೋಡೆ ಕುಸಿದು ತಮ್ಮನ ಸೊಂಟದ ಕೆಳಗೆಲ್ಲ ಮುಚ್ಚಿಹೋಗಿತ್ತು. ಬೆಳಗ್ಗೆ ಕುಸಿದದ್ದು. ಮಂಜು ಕವಿದು ಹೆಲಿಕಾಪ್ಟರ್ ಇಳಿಯಲಾಗಲಿಲ್ಲ. ಜೀವ ಹೋದದ್ದು ಮಾರನೆಯ ದಿನ ಮಧ್ಯಾಹ್ನ. ಅಲ್ಲಿಯವರೆಗೂ ಎಚ್ಚರವಿತ್ತು.

ಅಮ್ಮನ ಮುಖದಲ್ಲಿ ಆಗ ಕಂಡದ್ದನ್ನು ನಾನು ಇನ್ನಾರ ಮುಖದಲ್ಲೂ ಕಂಡಿಲ್ಲ. ಮಗ ಸತ್ತ ಸುದ್ದಿ ಕೇಳಿದ ದಿನವೂ ಆಕೆ ಹೀಗೆ ನೋಡಿರಲಿಲ್ಲ. ಯಾವ ದಿನ ಎಂದು ಕೇಳಿದರು. ಕ್ಯಾಪ್ಟನ್ ಹೇಳಿದ. ಆಕೆ ಬೆರಳು ಮಡಿಸದೆ, ತುಟಿ ಅಲುಗಿಸದೆ, ಕಣ್ಣು ಒಂದೇ ಕಡೆ ನೆಟ್ಟು ನೆನಪು ಮಾಡಿಕೊಂಡರು.

“ಅವತ್ತು ಹಾಸಿಗೆ ಬಿಸಿಲಿಗೆ ಹಾಕಿದ್ದೆ,” ಎಂದರು. “ಪಕ್ಕದ ಮನೆಯವಳು ಬಂದಿದ್ಲು. ಏನೋ ಹೇಳಿದ್ಲು. ಹೊಟ್ಟೆ ಹಿಡ್ಕೊಂಡು ನಕ್ಕೆ ನಾನು.”

ಪ್ರೂಫಣ್ಣ ಗೋಡೆಗೆ ಒರಗಿದ. ಹೇಳಬಾರದಿತ್ತೇನೋ ಎಂದು ಅವನಿಗೆ ಆ ಕ್ಷಣ ಅನ್ನಿಸಿರಬೇಕು, ನನಗಂತೂ ಅನ್ನಿಸಿತು. ಕ್ಯಾಪ್ಟನ್ ಏಳಲು ನೋಡಿದ. ಅಮ್ಮ ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಕೂರಿಸಿದರು. ಸರಿದು ಹತ್ತಿರ ಕುಳಿತರು.

“ಮಾತಾಡ್ತಿದ್ನಾ?”

“ಮಾತಾಡ್ತಿದ್ದ ಅಮ್ಮ.”

“ಏನಂತ?”

ಹುಡುಗ ಲೋಟದೊಳಗೆ ನೋಡಿದ. “ಕಾಲು ತಣ್ಣಗಾಗ್ತಿದೆ ಅಂದ. ಉಣ್ಣೆಯ ಕಾಲುಚೀಲ ಹಾಕ್ರೋ ಅಂದ.”

“ಹಾಕಿದ್ರಾ?”

“ಕಾಲು ಕಲ್ಲಿನ ಕೆಳಗಿತ್ತು ಅಮ್ಮ. ಕೈ ಹೋಗ್ತಿರ್ಲಿಲ್ಲ.” ಅವನು ಲೋಟವನ್ನು ಇನ್ನೊಂದು ಕೈಗೆ ಬದಲಿಸಿದ. “ಹಾಕಿದ್ವಿ ಅಂತ ಹೇಳಿದ್ವಿ.”

ಅಮ್ಮ ಕಣ್ಣು ಮಿಟುಕಿಸಲಿಲ್ಲ.

“ನಂಬಿದ್ನಾ?”

“ಬೆಚ್ಚಗಾಯ್ತು ಅಂದ.”

ಗೋಡೆಯ ಬಳಿ ಪ್ರೂಫಣ್ಣ ಮುಖ ಮುಚ್ಚಿಕೊಂಡು ಕುಸಿದು ಕುಳಿತ. ಅಮ್ಮ ತಿರುಗಿ ಅವನನ್ನು ಒಮ್ಮೆ ನೋಡಿ, ಕೈಚಾಚಿ ತನ್ನ ಪಕ್ಕಕ್ಕೆ ಎಳೆದುಕೊಂಡರು. ಆಮೇಲೆ ಕ್ಯಾಪ್ಟನ್ನನ ಕೈಯಲ್ಲಿದ್ದ ಲೋಟವನ್ನು ತೆಗೆದು ನೆಲದ ಮೇಲಿಟ್ಟರು.

“ಹೇಳಪ್ಪ,” ಎಂದರು. “ಆಮೇಲೆ ಏನಂದ?”